ಗೆಳತಿಯರ ಜೊತೆ ಆನ್‌ಲೈನ್‌ನಲ್ಲಿ ಚಿತ್ರ ಬರೆದು ಊಹಿಸುವ ಆಟ: ಕನ್ನಡದಲ್ಲಿ ಆಡುವುದು ಹೇಗೆ?

ಪ್ರಶ್ನೆ: ನಾನು ಮಂಡ್ಯದವಳು. ಪಿಯುಸಿಯಲ್ಲಿ ಒಟ್ಟಿಗೆ ಓದಿದ ನಾವು ಆರು ಜನ ಗೆಳತಿಯರು. ಈಗ ಇಬ್ಬರು ಮಂಡ್ಯದಲ್ಲಿ, ಒಬ್ಬಳು ಮೈಸೂರಿನಲ್ಲಿ, ಒಬ್ಬಳು ಮದುವೆಯಾಗಿ ಧಾರವಾಡದಲ್ಲಿ, ಒಬ್ಬಳು ದುಬೈಯಲ್ಲಿ, ಒಬ್ಬಳು ನ್ಯೂಜೆರ್ಸಿಯಲ್ಲಿ ಇದ್ದಾಳೆ. ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತೇವೆ. ಮೊದಮೊದಲು ಮಾತು ಮುಗಿಯುತ್ತಲೇ ಇರಲಿಲ್ಲ. ಈಗ ಹತ್ತು ನಿಮಿಷಕ್ಕೇ ‘ಮತ್ತೇನು ಸಮಾಚಾರ’ ಅನ್ನುವ ಹಾಗಾಗಿದೆ. ಅದಕ್ಕೇ ಆನ್‌ಲೈನ್‌ನಲ್ಲಿ ಚಿತ್ರ ಬರೆದು ಊಹಿಸುವ ಆಟ ಶುರು ಮಾಡಿದೆವು. ಅಲ್ಲಿ ಬರುವ ಇಂಗ್ಲಿಷ್ ಪದಗಳಲ್ಲಿ ಅರ್ಧ ನಮ್ಮ ತಲೆಗೆ ಹೋಗುವುದಿಲ್ಲ. ನಾವೇ ಕನ್ನಡ ಪದ ಹಾಕಿ ನೋಡಿದೆವು. ಸರಿಯಾದ ಉತ್ತರ ಟೈಪ್ ಮಾಡಿದರೂ ಕೆಲವು ಸಲ ತಪ್ಪು ಅನ್ನುತ್ತದೆ, ಅಕ್ಷರಕ್ಕೆ ತೋರಿಸುವ ಖಾಲಿ ಗೆರೆಗಳ ಲೆಕ್ಕವೂ ಕೂಡುವುದಿಲ್ಲ. ಇನ್ನೊಂದು ಕಷ್ಟ ಅಂದರೆ, ಒಬ್ಬಳು ‘ನನಗೆ ಚಿತ್ರ ಬರಲ್ಲ’ ಅಂತ ಕ್ಯಾಮೆರಾ ಆಫ್ ಮಾಡಿಬಿಡುತ್ತಾಳೆ. ನನ್ನ ಹತ್ತು ವರ್ಷದ ಮಗಳೂ ಆಡುತ್ತೇನೆ ಅಂತ ಹಠ ಮಾಡುತ್ತಿದ್ದಾಳೆ. ಇದನ್ನೆಲ್ಲ ಸರಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ನಮಸ್ಕಾರ. ನಾನು ಮೈಸೂರಿನಲ್ಲಿ ಮಕ್ಕಳಿಗೂ ದೊಡ್ಡವರಿಗೂ ಚಿತ್ರ ಹೇಳಿಕೊಡುತ್ತೇನೆ. 2020ರಲ್ಲಿ ತರಗತಿ ಮುಚ್ಚಬೇಕಾಗಿ ಬಂದಾಗ ಮಕ್ಕಳ ಕೈ ನಿಲ್ಲಬಾರದು ಅಂತ ಆನ್‌ಲೈನ್‌ನಲ್ಲಿ ಈ ಆಟ ಶುರು ಮಾಡಿದೆ. ಇವತ್ತಿಗೂ ಶನಿವಾರ ಸಂಜೆ ಆಡಿಸುತ್ತೇನೆ. ಇಷ್ಟು ವರ್ಷ ಆಡಿಸಿ ನನಗೆ ಗಟ್ಟಿಯಾಗಿ ಗೊತ್ತಾಗಿರುವ ವಿಷಯ ಒಂದಿದೆ. ಈ ಆಟ ಚೆನ್ನಾಗಾಗುವುದು ಪದಗಳಿಂದ. ಚಿತ್ರ ಆಮೇಲಿನ ಮಾತು. ನಿಮ್ಮ ಪತ್ರದಲ್ಲಿರುವ ಮುಕ್ಕಾಲು ಕಷ್ಟ ಪದಪಟ್ಟಿ ನಿಮ್ಮದಾದರೆ ಕರಗಿಹೋಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಇಂಥ ಆಟಗಳಲ್ಲಿ ಹೆಸರಾದದ್ದು ಪಿಕ್ಷನರಿ. ಅಮೆರಿಕದ ಸಿಯಾಟಲ್‌ನಲ್ಲಿ ರಾಬ್ ಏಂಜೆಲ್ ಎಂಬವರು 1985ರಲ್ಲಿ ಅದನ್ನು ಡಬ್ಬಿಯಲ್ಲಿ ಹಾಕಿ ಮಾರಿದರು. ಅದರ ಪದಗಳು ಅಲ್ಲಿಯ ಮನೆ, ಅಲ್ಲಿಯ ಅಡುಗೆ, ಅಲ್ಲಿಯ ಹಬ್ಬದವು. ಅಲ್ಲಿಯವರಿಗೆ ಅದು ಸರಿಯೇ. ಈಗಿನ ಆನ್‌ಲೈನ್ ಆಟಗಳ ಇಂಗ್ಲಿಷ್ ಪಟ್ಟಿಯಲ್ಲೂ ಅದೇ ವಾಸನೆ ಇದೆ. ಹಿಮದ ಗೊಂಬೆ ಬರೆಯಿರಿ ಅನ್ನುತ್ತದೆ. ಮಂಡ್ಯದಲ್ಲಿ ಬೆಳೆದ ಯಾರು ಹಿಮದ ಗೊಂಬೆ ಮಾಡಿದ್ದಾರೆ ಹೇಳಿ? ನೀವು ಮಾಡಿದ್ದು ಕೆರೆ ಮಣ್ಣಿನ ಗಣಪತಿ. ಹಿಮದ ಗೊಂಬೆಯನ್ನು ಗುರುತು ಹಿಡಿದರೆ ಒಂದು ಅಂಕ ಬರುತ್ತದೆ, ಅಷ್ಟೇ. ಆಲೆಮನೆಯ ಕೊಪ್ಪರಿಗೆಯನ್ನು ಗುರುತು ಹಿಡಿದರೆ ‘ಅಯ್ಯೋ, ಅವತ್ತು ಬಿಸಿ ಬೆಲ್ಲ ತಿಂದು ನಾಲಿಗೆ ಸುಟ್ಟುಕೊಂಡಿದ್ವಲ್ಲೇ’ ಅಂತ ಮಾತು ಶುರುವಾಗುತ್ತದೆ. ನಿಮಗೆ ಬೇಕಾಗಿರುವುದು ಆ ಮಾತು ಅಲ್ವಾ?

ಮೊದಲು ನಿಮ್ಮ ಟೈಪಿಂಗ್ ಕಷ್ಟಕ್ಕೆ ಬರುತ್ತೇನೆ. ಇದಕ್ಕೆ ಸರಿಯಾದ ಕಾರಣ ಇದೆ, ತಪ್ಪು ನಿಮ್ಮದಲ್ಲ. ನಾವು ‘ಮೈಸೂರು’ ಅನ್ನುವಲ್ಲಿ ಮೂರು ಅಕ್ಷರ ನೋಡುತ್ತೇವೆ: ಮೈ, ಸೂ, ರು. ಕಂಪ್ಯೂಟರ್ ಹಾಗೆ ನೋಡುವುದಿಲ್ಲ. ಅದು ಮ, ಐತ್ವ, ಸ, ದೀರ್ಘದ ಕೊಂಬು, ರ, ಕೊಂಬು ಅಂತ ಆರು ತುಂಡಾಗಿ ಇಟ್ಟುಕೊಳ್ಳುತ್ತದೆ. ತುಂಡು ಎಷ್ಟೋ ಅಷ್ಟು ಖಾಲಿ ಗೆರೆ ತೋರಿಸುವ ಆಟದಲ್ಲಿ ಮೈಸೂರಿಗೆ ಆರು ಗೆರೆ ಬರುತ್ತದೆ. ‘ಚಿತ್ರಾನ್ನ’ ನಮಗೆ ಮೂರು ಅಕ್ಷರ. ಅದಕ್ಕೆ ಒಂಬತ್ತು ತುಂಡು, ಯಾಕೆಂದರೆ ಪ್ರತಿ ಒತ್ತಿನ ಹಿಂದೆ ವ್ಯಂಜನವನ್ನು ಅರ್ಧ ಮಾಡುವ ಒಂದು ಗುರುತು ಬೇರೆ ಇರುತ್ತದೆ. ಸುಳಿವು ಕೊಡುವಾಗ ಆಟ ಇವುಗಳಲ್ಲಿ ಯಾವುದೋ ಒಂದು ತುಂಡನ್ನು ತೆಗೆದು ತೋರಿಸುತ್ತದೆ. ಬರೀ ಕೊಂಬು ಕಾಣಿಸಿಕೊಂಡರೆ ಯಾರಿಗೆ ಏನು ಪ್ರಯೋಜನ?

ಸರಿ ಉತ್ತರ ತಪ್ಪಾಗುವುದಕ್ಕೂ ಇದೇ ಮೂಲ. ‘ದೋಸೆ’ಯ ‘ದೋ’ವನ್ನು ಎರಡು ರೀತಿ ಕೂಡಿಸಿ ಇಡಬಹುದು. ದ ಮತ್ತು ಓತ್ವ ಒಂದು ರೀತಿ. ದ, ಒತ್ವ, ಮೇಲೊಂದು ದೀರ್ಘ ಇನ್ನೊಂದು ರೀತಿ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆಟದ ತಂತ್ರಾಂಶ ಇವೆರಡನ್ನೂ ಒಂದೇ ಅಂತ ಮಾಡಿಕೊಳ್ಳದಿದ್ದರೆ ಉತ್ತರ ಕೂಡುವುದಿಲ್ಲ. ‘ಸೂರ್ಯ’ದ ಅರ್ಕಾವತ್ತಿನಲ್ಲೂ ಹೀಗೇ ಆಗಬಹುದು. ಕೆಲವರು ಟೈಪ್ ಮಾಡುವಾಗ ಕಣ್ಣಿಗೆ ಕಾಣದ ಒಂದು ಗುರುತು ಮಧ್ಯೆ ಸೇರಿಕೊಳ್ಳುತ್ತದೆ. ಪದಪಟ್ಟಿ ಒಂದು ಕೀಲಿಮಣೆಯಲ್ಲಿ ಬರೆದು, ಉತ್ತರ ಇನ್ನೊಂದರಲ್ಲಿ ಬರೆದಾಗ ಈ ತೊಂದರೆ ಜಾಸ್ತಿ.

ಹಾಗಾದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರಾಯಿತು ಅಂತ ಕೆಲವರು ಹೇಳುತ್ತಾರೆ. ನನ್ನ ಮಕ್ಕಳೂ ಹೇಳಿದ್ದರು. ಅದರಲ್ಲಿ ಹುಲಿಯೂ ಹುಳಿಯೂ ಒಂದೇ ಆಗುತ್ತದೆ. ಬಳೆಯೂ ಬಲೆಯೂ ಒಂದೇ, ಕಲ್ಲೂ ಕಳ್ಳೂ ಒಂದೇ. ದೀರ್ಘಕ್ಕೆ ಒಬ್ಬರು ಎರಡು ಸ್ವರ ಹಾಕುತ್ತಾರೆ, ಇನ್ನೊಬ್ಬರು ಒಂದೇ ಹಾಕುತ್ತಾರೆ. ಕೊನೆಗೆ ಊಹೆಗಿಂತ ಸ್ಪೆಲ್ಲಿಂಗ್ ಜಗಳವೇ ಜಾಸ್ತಿ ಆಗುತ್ತದೆ. ನಾನು ಇದನ್ನು ಬಿಟ್ಟುಬಿಟ್ಟೆ.

ನಾನು ಮಾಡುವುದು ಹೀಗೆ. ನೀವು ಯಾವ ತಾಣದಲ್ಲಿ ಆಡಿದಿರಿ ಅಂತ ಬರೆದಿಲ್ಲ. ಹೆಚ್ಚು ಜನ ಆಡುವುದು ಸ್ಕ್ರಿಬಲ್ ಮತ್ತು ಗಾರ್ಟಿಕ್ ಫೋನ್. ಎರಡನ್ನೂ ಬ್ರೌಸರ್‌ನಲ್ಲೇ ಆಡಬಹುದು, ದುಡ್ಡು ಕೊಡಬೇಕಾಗಿಲ್ಲ. ಸ್ಕ್ರಿಬಲ್‌ನಲ್ಲಿ ಖಾಸಗಿ ಕೋಣೆ ತೆರೆದರೆ ಕೆಳಗಡೆ ನಮ್ಮದೇ ಪದ ಹಾಕಲು ಒಂದು ಜಾಗ ಇದೆ. ಕಡಿಮೆ ಅಂದರೆ ಹತ್ತು ಪದ ಬೇಕು, ಪದಗಳ ನಡುವೆ ಅಲ್ಪವಿರಾಮ ಹಾಕಬೇಕು. ಅದರ ಪಕ್ಕದಲ್ಲೇ ‘ನಮ್ಮ ಪದ ಮಾತ್ರ’ ಅನ್ನುವ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕುವುದನ್ನು ಮರೆಯಬೇಡಿ. ಮರೆತರೆ ಮುದ್ದೆಯ ಮಧ್ಯೆ ಮತ್ತೆ ಹಿಮದ ಗೊಂಬೆ ಬರುತ್ತದೆ. ಆಮೇಲೆ ಪದದ ಅಳತೆಯನ್ನು ಮುಚ್ಚಿಡುವ ಆಯ್ಕೆ ಇದೆ, ಅದನ್ನು ಆರಿಸಿ. ಸುಳಿವಿನ ಸಂಖ್ಯೆಯನ್ನು ಸೊನ್ನೆ ಮಾಡಿ. ಅಲ್ಲಿಗೆ ಗೆರೆಗಳ ಗೊಂದಲ ಮುಗಿಯಿತು.

ಉತ್ತರವನ್ನು ಬಾಯಲ್ಲೇ ಹೇಳಿ. ಹೇಗಿದ್ದರೂ ವಿಡಿಯೋ ಕಾಲ್‌ನಲ್ಲಿ ಇದ್ದೀರಿ. ಚಿತ್ರ ಬರೆಯುವವಳೇ ‘ಸರಿ, ನೀನು ಹೇಳಿದ್ದೇ’ ಅಂತ ತೀರ್ಪು ಕೊಡಲಿ. ಅಂಕವನ್ನು ಒಬ್ಬಳು ಕಾಗದದ ಮೇಲೆ ಬರೆದುಕೊಳ್ಳಲಿ. ಆಟದ ಅಂಕಪಟ್ಟಿಯಲ್ಲಿ ಬೇಗ ಟೈಪ್ ಮಾಡಿದವರಿಗೆ ಜಾಸ್ತಿ ಅಂಕ ಹೋಗುತ್ತದೆ. ಕನ್ನಡ ಟೈಪಿಂಗ್‌ನಲ್ಲಿ ಎಲ್ಲರ ಕೈ ಒಂದೇ ಸಮ ಓಡುವುದಿಲ್ಲ, ಹಾಗಾಗಿ ಆ ಲೆಕ್ಕ ನ್ಯಾಯವಲ್ಲ. ಬಾಯಿ ಮಾತಿನಲ್ಲಿ ಇನ್ನೊಂದು ಲಾಭ ಇದೆ. ನಿಮ್ಮ ಧಾರವಾಡದ ಗೆಳತಿ ಅಷ್ಟು ವರ್ಷ ಅಲ್ಲಿದ್ದು ಶೇಂಗಾ ಅನ್ನುತ್ತಾಳೆ, ನೀವು ಕಳ್ಳೆಕಾಯಿ ಅನ್ನುತ್ತೀರಿ. ಕಂಪ್ಯೂಟರ್‌ಗೆ ಅವು ಎರಡು ಪದ. ನಿಮಗೆ ಒಂದೇ. ಸೀಬೆಹಣ್ಣು, ಪೇರಲ, ಪರಂಗಿಹಣ್ಣು, ಪಪ್ಪಾಯಿ, ಎಲ್ಲದಕ್ಕೂ ಅಂಕ ಕೊಡಿ. ಟೈಪ್ ಮಾಡಿಯೇ ಆಡಬೇಕು ಅನ್ನುವ ಹಠ ಇದ್ದರೆ, ಎಲ್ಲರೂ ಒಂದೇ ಕೀಲಿಮಣೆ ಬಳಸಿ. ಜಿಬೋರ್ಡ್ ಆದರೆ ಎಲ್ಲರೂ ಜಿಬೋರ್ಡ್. ಬಸ್, ಬಸ್ಸು ಥರ ಎರಡು ರೂಪ ಇರುವ ಪದಗಳನ್ನು ಪಟ್ಟಿಯಿಂದ ತೆಗೆದುಬಿಡಿ.

ಪದ ಎಷ್ಟು ಬೇಕು? ಆರು ಜನ, ಮೂರು ಸುತ್ತು ಅಂದರೆ ಹದಿನೆಂಟು ಸರದಿ. ಪ್ರತಿ ಸರದಿಯಲ್ಲಿ ಮೂರು ಪದ ತೋರಿಸಿ ಒಂದನ್ನು ಆರಿಸಿಕೊಳ್ಳಲು ಬಿಡುತ್ತದೆ. ಅಲ್ಲಿಗೆ ಐವತ್ತನಾಲ್ಕು. ಒಬ್ಬೊಬ್ಬರು ಹತ್ತು ಹತ್ತು ಪದ ಕೊಟ್ಟರೆ ಅರವತ್ತಾಯಿತು, ಸಾಕು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು. ಪಟ್ಟಿ ಕೂಡಿಸುವ ಒಬ್ಬಳಿಗೆ ಮಾತ್ರ ಎಲ್ಲರೂ ಬೇರೆ ಬೇರೆಯಾಗಿ ಕಳಿಸಿ. ಒಂದು ಸರದಿಗೆ ತೊಂಬತ್ತು ಸೆಕೆಂಡ್ ಇಟ್ಟರೆ ಹದಿನೆಂಟು ಸರದಿಗೆ ಹೆಚ್ಚೆಂದರೆ ಇಪ್ಪತ್ತೇಳು ನಿಮಿಷ, ಮಧ್ಯದ ಮಾತು ಬೇರೆ. ದುಡ್ಡು ಕೊಡದೆ ಬಳಸುವ ಝೂಮ್‌ನಲ್ಲಿ ನಲವತ್ತು ನಿಮಿಷ, ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಒಂದು ಗಂಟೆ ಸಿಗುತ್ತದೆ. ನಿಮ್ಮ ಗುಂಪಿಗೆ ಮೀಟ್ ಸಾಕು. ಹೊತ್ತು ಗೊತ್ತುಮಾಡುವಾಗ ನ್ಯೂಜೆರ್ಸಿ ಕಡೆ ನೋಡಿ. ನಮ್ಮ ರಾತ್ರಿ ಎಂಟು ಗಂಟೆ ಅಂದರೆ ಅಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ದುಬೈಯಲ್ಲಿ ಸಂಜೆ ಆರೂವರೆ. ಎಲ್ಲರಿಗೂ ಹೊಂದುವ ಹೊತ್ತು ಅದೇ.

ಈಗ ಪದಗಳ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಜನ ಇಲ್ಲೇ ಅವಸರ ಮಾಡುತ್ತಾರೆ. ಸುಮ್ನೆ ಆನೆ, ಮನೆ, ಮರ ಅಂತ ಹಾಕಿದರೆ ಹತ್ತು ಸೆಕೆಂಡಿಗೆ ಮುಗಿಯುತ್ತದೆ. ‘ಪ್ರೀತಿ’, ‘ಸ್ವಾತಂತ್ರ್ಯ’ ಅಂತ ಹಾಕಿದರೆ ಯಾರಿಗೂ ಆಗುವುದಿಲ್ಲ. ಒಳ್ಳೆಯ ಪದ ಅಂದರೆ ಕಣ್ಣಿಗೆ ಕಾಣುವಂಥದ್ದಾಗಿರಬೇಕು, ಅದನ್ನೇ ಹೋಲುವ ಇನ್ನೆರಡು ವಸ್ತುವೂ ಇರಬೇಕು. ಮದ್ದೂರು ವಡೆ ಅಂಥದ್ದು. ಉದ್ದಿನ ವಡೆಯಾದರೆ ಮಧ್ಯೆ ತೂತು ಇರುತ್ತದೆ, ಇದಕ್ಕಿಲ್ಲ. ದುಂಡಗೆ ಚಪ್ಪಟೆಯಾಗಿ ಬರೆದರೆ ರೊಟ್ಟಿ ಅನ್ನುತ್ತಾರೆ, ನಿಪ್ಪಟ್ಟು ಅನ್ನುತ್ತಾರೆ. ಪಕ್ಕದಲ್ಲಿ ಒಂದು ರೈಲು ಬರೆಯಿರಿ. ಬೆಂಗಳೂರು ಮೈಸೂರು ರೈಲಿನಲ್ಲಿ ಓಡಾಡಿದವರು ತಕ್ಷಣ ಹೇಳುತ್ತಾರೆ. ಮುದ್ದೆಯೂ ಹಾಗೇ. ಬರೀ ಉಂಡೆ ಬರೆದರೆ ಚೆಂಡು, ಲಾಡು, ಕಲ್ಲು. ತಟ್ಟೆ ಹಾಕಿ, ಪಕ್ಕದಲ್ಲಿ ಸಾರಿನ ಬಟ್ಟಲು ಇಟ್ಟು, ಉಂಡೆಯಿಂದ ಆವಿ ಏಳಿಸಿದರೆ ಮಂಡ್ಯದವರು ಬೇರೆ ಏನನ್ನೂ ಹೇಳಲಾರರು.

ನಿಮ್ಮ ಕಡೆಯ ಪದಗಳನ್ನು ನೆನಪು ಮಾಡಿಕೊಡುತ್ತೇನೆ. ಕಬ್ಬಿನ ಗಾಡಿ, ಅಚ್ಚು ಬೆಲ್ಲ, ಸಕ್ಕರೆ ಕಾರ್ಖಾನೆಯ ಹೊಗೆ ಕೊಳವೆ, ಕನ್ನಂಬಾಡಿಯ ತೂಬು, ಮೇಲುಕೋಟೆಯ ಕಲ್ಯಾಣಿ, ರಂಗನತಿಟ್ಟಿನ ದೋಣಿ, ಶಿವನಸಮುದ್ರದ ಜಲಪಾತ. ಮೈಸೂರಿನ ಗೆಳತಿ ಕೊಡಬಹುದಾದವು: ದೊಡ್ಡ ಗಡಿಯಾರ, ಚಾಮುಂಡಿ ಬೆಟ್ಟದ ನಂದಿ, ವೀಳ್ಯದೆಲೆ, ಮಲ್ಲಿಗೆ ದಂಡೆ, ಟಾಂಗಾ, ದಸರಾ ಗೊಂಬೆ, ನಂಜನಗೂಡಿನ ರಸಬಾಳೆ. ರಸಬಾಳೆಯನ್ನು ಮಾಮೂಲಿ ಬಾಳೆಹಣ್ಣಿನಿಂದ ಬೇರೆ ಮಾಡಿ ತೋರಿಸುವುದು ದೊಡ್ಡ ಸವಾಲು. ನನ್ನ ತರಗತಿಯ ಒಬ್ಬ ಹುಡುಗ ಗಿಡ್ಡ ಗೊನೆ ಬರೆದು, ಪಕ್ಕದಲ್ಲಿ ಹೊಳೆ, ಹೊಳೆಯ ದಡದಲ್ಲಿ ಗೋಪುರ ಬರೆದ. ಕಪಿಲಾ ನದಿ, ನಂಜುಂಡೇಶ್ವರನ ಗೋಪುರ, ಬಾಳೆ. ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾನೆ ನೋಡಿ.

ಇವೆಲ್ಲಕ್ಕಿಂತ ಮುಖ್ಯ ನಿಮ್ಮ ಆರು ಜನಕ್ಕೆ ಮಾತ್ರ ಗೊತ್ತಿರುವ ಪದಗಳು. ಕಾಲೇಜಿನ ಎದುರಿನ ಚುರುಮುರಿ ಗಾಡಿ. ಫಿಸಿಕ್ಸ್ ಮೇಷ್ಟ್ರ ಸ್ಕೂಟರ್. ಯಾರದೋ ಕೆಂಪು ಛತ್ರಿ. ಹತ್ತರಲ್ಲಿ ಮೂರು ಪದ ಹೀಗೆ ಇರಲೇಬೇಕು ಅಂತ ನಿಯಮ ಮಾಡಿ. ಆಗ ನೋಡಿ, ತೊಂಬತ್ತು ಸೆಕೆಂಡಿನ ಆಟ ಹದಿನೈದು ನಿಮಿಷದ ಮಾತಾಗುತ್ತದೆ. ಆಟ ಅಲ್ಲೇ ನಿಂತುಹೋದರೆ ನಿಲ್ಲಲಿ ಬಿಡಿ.

‘ನನಗೆ ಚಿತ್ರ ಬರಲ್ಲ’ ಅನ್ನುವ ಗೆಳತಿಯ ಬಗ್ಗೆ ಈಗ. ಈ ಮಾತನ್ನು ನಾನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ದೊಡ್ಡವರೇ ಜಾಸ್ತಿ ಹೇಳುವುದು. ಅವರು ಚಿತ್ರ ಅಂದರೆ ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ಅಂದುಕೊಂಡಿದ್ದಾರೆ. ಈ ಆಟಕ್ಕೆ ಬೇಕಾದದ್ದು ಗುರುತು. ಇದನ್ನು ತಿಳಿಯಲು ನಮ್ಮೂರಿನಲ್ಲೇ ಒಳ್ಳೆಯ ದಾರಿ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳೆಂದರೆ ಬಹಳ ಪ್ರೀತಿ. 1861ರಲ್ಲಿ ಅವರು ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಅವರ ಆಟದ ಹಾಸುಗಳ ಚಿತ್ರಗಳಿವೆ. ಗಂಜೀಫಾ ಎಂಬ, ಇಸ್ಪೀಟಿನಂಥ ಚಿತ್ರದ ಎಲೆಗಳ ಆಟಗಳನ್ನೂ ಅವರು ಬಗೆಬಗೆಯಾಗಿ ಬೆಳೆಸಿದರು. ದಶಾವತಾರದ ಗಂಜೀಫಾ ನೋಡಿ. ಹತ್ತು ಅವತಾರಕ್ಕೆ ಹನ್ನೆರಡು ಹನ್ನೆರಡು ಎಲೆ, ಒಟ್ಟು 120. ಎಲ್ಲ ಎಲೆಯ ಮೇಲೂ ಇಡೀ ದೇವರನ್ನು ಬರೆಯುವುದಿಲ್ಲ. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ. ಕೊಡಲಿ ಕಂಡರೆ ಸಾಕು, ಆಡುವವರಿಗೆ ಯಾರೆಂದು ಗೊತ್ತು. ನಿಮ್ಮ ಗೆಳತಿಗೆ ಕೊಡಲಿ ಬರೆಯಲು ಬರುತ್ತದೆ ಅಲ್ವಾ? ಹಾಗಾದರೆ ಪರಶುರಾಮನನ್ನೂ ಬರೆಯಲು ಬರುತ್ತದೆ.

ಮೈಸೂರು ಪಾಕ್ ಬರೆಯಿರಿ ಅಂದರೆ ಎಲ್ಲರೂ ಒಂದು ಚೌಕ ತುಂಡು ಬರೆದು ಹಳದಿ ಬಣ್ಣ ತುಂಬುತ್ತಾರೆ. ಇಟ್ಟಿಗೆ, ಸೋಪು, ಹಾಸಿಗೆ, ಹೀಗೇ ಊಹೆ ಬರುತ್ತದೆ. ಬರೆಯುವವರು ಗಾಬರಿಯಾಗಿ ಅದೇ ತುಂಡಿನ ಅಂಚನ್ನು ಮತ್ತೆ ಮತ್ತೆ ತಿದ್ದುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ತುಂಡು ಬಿಟ್ಟು ಪಕ್ಕಕ್ಕೆ ಹೋಗಬೇಕು. ಮೇಲ್ಮೈಯಲ್ಲಿ ಸಣ್ಣ ಸಣ್ಣ ತೂತು ಹಾಕಿ. ಎಡಗಡೆ ಮೂರು ಗುಮ್ಮಟದ ಅರಮನೆ ಬರೆಯಿರಿ, ಗುಮ್ಮಟ ಅಂದರೆ ಮೂರು ಅರ್ಧ ವೃತ್ತ, ಅಷ್ಟೇ. ಅರಮನೆ ಮತ್ತು ತಿಂಡಿ ಎರಡೂ ಕಂಡಮೇಲೆ ಯಾರೂ ತಪ್ಪುವುದಿಲ್ಲ. ಜಂಬೂಸವಾರಿಗೂ ಇದೇ ಕ್ರಮ. ಆನೆಯಿಂದ ಶುರು ಮಾಡಿದರೆ ಎಲ್ಲರೂ ‘ಆನೆ ಆನೆ’ ಅಂತ ಕೂಗಿ ಹೊತ್ತು ಕಳೆಯುತ್ತಾರೆ. ಮೊದಲು ಅಂಬಾರಿ ಬರೆಯಿರಿ. 750 ಕಿಲೋ ತೂಕದ ಚಿನ್ನದ ಅಂಬಾರಿ ನಮ್ಮ ಕಣ್ಣಿನಲ್ಲಿ ಅಚ್ಚೊತ್ತಿ ಕೂತಿದೆ. ಅದರ ಕೆಳಗೆ ನಾಲ್ಕು ಕಂಬದಂಥ ಕಾಲು, ಒಂದು ಸೊಂಡಿಲು ಎಳೆದರೆ ಆಯಿತು. ಯಾವ ಗೆರೆ ಈ ವಸ್ತುವಿಗೆ ಮಾತ್ರ ಸೇರಿದ್ದೋ ಆ ಗೆರೆಯನ್ನು ಮೊದಲು ಎಳೆಯಿರಿ. ಉಳಿದದ್ದು ಹೊತ್ತು ಇದ್ದರೆ.

ಒಬ್ಬಳೇ ಕೂತು ಕೈ ಸಡಿಲ ಮಾಡಿಕೊಳ್ಳಲು ಅವಳಿಗೆ ‘ಕ್ವಿಕ್ ಡ್ರಾ’ ಹೇಳಿ. ಗೂಗಲ್ 2016ರಲ್ಲಿ ಬಿಟ್ಟ ಆಟ ಅದು. ಒಂದು ಪದ ಕೊಡುತ್ತದೆ, ಇಪ್ಪತ್ತು ಸೆಕೆಂಡಿನಲ್ಲಿ ಬರೆಯಬೇಕು, ಕಂಪ್ಯೂಟರೇ ಊಹಿಸುತ್ತದೆ. ನಗುವವರು ಯಾರೂ ಇರುವುದಿಲ್ಲ. ಅದರಲ್ಲಿರುವ 345 ವಸ್ತುಗಳನ್ನು ಲೋಕದ ಜನ ಬರೆದ ಐದು ಕೋಟಿ ಚಿತ್ರಗಳನ್ನು ಗೂಗಲ್ ಎಲ್ಲರಿಗೂ ನೋಡಲು ಬಿಟ್ಟಿದೆ. ಒಂದು ಸಲ ಬೆಕ್ಕಿನ ಚಿತ್ರಗಳನ್ನು ತೆರೆದು ನೋಡಲಿ. ಎರಡು ಚೂಪು ಕಿವಿ, ಆ ಕಡೆ ಈ ಕಡೆ ಮೀಸೆ, ಅಷ್ಟರಲ್ಲೇ ಎಷ್ಟೋ ಜನ ಮುಗಿಸಿದ್ದಾರೆ. ಯಾರಿಗೂ ಚಿತ್ರ ‘ಬರುವುದಿಲ್ಲ’, ಆದರೂ ಬೆಕ್ಕು ಬೆಕ್ಕಾಗಿದೆ. ಈ ಆಟದಲ್ಲಿ ಇಡ್ಲಿ ಇಲ್ಲ, ಮುದ್ದೆ ಇಲ್ಲ. ಕೈ ಪಳಗಿಸಲು ಮಾತ್ರ ಬಳಸಿ.

ಗಾರ್ಟಿಕ್ ಫೋನ್ ನಿಮ್ಮ ಗುಂಪಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ ಅಂತ ನನ್ನ ಅನಿಸಿಕೆ. ಚಿಕ್ಕವರಿದ್ದಾಗ ಸಾಲಾಗಿ ಕೂತು ಕಿವಿಯಲ್ಲಿ ಮಾತು ಹೇಳಿ ದಾಟಿಸುತ್ತಿದ್ದೆವಲ್ಲ, ಅದೇ ಆಟ, ಚಿತ್ರದ ರೂಪದಲ್ಲಿ. ಪ್ರತಿಯೊಬ್ಬರೂ ಒಂದು ವಾಕ್ಯ ಬರೆಯುತ್ತಾರೆ. ಅದು ಪಕ್ಕದವರಿಗೆ ಹೋಗುತ್ತದೆ, ಅವರು ಅದನ್ನು ಚಿತ್ರ ಮಾಡುತ್ತಾರೆ. ಚಿತ್ರ ಮಾತ್ರ ಮುಂದಿನವರಿಗೆ ಹೋಗುತ್ತದೆ, ಅವರು ನೋಡಿ ವಾಕ್ಯ ಬರೆಯುತ್ತಾರೆ. ಹೀಗೆ ಸುತ್ತಿ ಬಂದಮೇಲೆ ಎಲ್ಲವನ್ನೂ ಒಂದೊಂದಾಗಿ ಬಿಚ್ಚಿ ತೋರಿಸುತ್ತದೆ. ಇಲ್ಲಿ ಕಂಪ್ಯೂಟರ್ ಉತ್ತರ ಸರಿಯೋ ತಪ್ಪೋ ನೋಡುವುದೇ ಇಲ್ಲ. ಹಾಗಾಗಿ ಕನ್ನಡ ಹೇಗೆ ಟೈಪ್ ಮಾಡಿದರೂ ನಡೆಯುತ್ತದೆ. ದೋಸೆಯ ದೀರ್ಘ, ಸೂರ್ಯದ ಅರ್ಕಾವತ್ತು ಯಾವುದೂ ಅಡ್ಡ ಬರುವುದಿಲ್ಲ. ಸೋಲು ಗೆಲುವಿನ ಒತ್ತಡವೂ ಇಲ್ಲ. ಚಿತ್ರ ಕೆಟ್ಟಷ್ಟೂ ಕೊನೆಯಲ್ಲಿ ನಗು ಜಾಸ್ತಿ. ಆ ಗೆಳತಿಯನ್ನು ಮೊದಲು ಇದರೊಳಗೆ ಕರೆತನ್ನಿ. ಒಂದು ಮಾತು ನೆನಪಿಡಿ: ವಾಕ್ಯದಲ್ಲಿ ಯಾರಾದರೂ ಏನಾದರೂ ಮಾಡುತ್ತಿರಬೇಕು. ‘ಅಜ್ಜಿ ಕಬ್ಬು ಜಗಿಯುತ್ತಾ ಬಸ್ ಓಡಿಸುತ್ತಿದ್ದಾಳೆ’ ಅಂದರೆ ಆಟ ಎದ್ದು ಕೂರುತ್ತದೆ.

ಒಗಟನ್ನೂ ಬಳಸಿಕೊಳ್ಳಿ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅನ್ನುವ ಒಗಟು ನೀವು ಕೇಳಿರುತ್ತೀರಿ, ಉತ್ತರ ಮಲ್ಲಿಗೆ. ಬರೆಯುವವಳು ಮಲ್ಲಿಗೆ ಬರೆಯಬಾರದು. ಗಿಡ, ಅದರ ಮೇಲೆ ಮಗುಚಿದ ಮೊಸರಿನ ಗಡಿಗೆ ಬರೆಯಬೇಕು. ನೋಡುವವರು ಮೊದಲು ಒಗಟು ಹಿಡಿಯಬೇಕು, ಆಮೇಲೆ ಉತ್ತರ. ‘ಅಂಗಡಿಯಿಂದ ತರೋದು, ಮುಂದಿಟ್ಟುಕೊಂಡು ಅಳೋದು’ ಅನ್ನುವುದನ್ನೂ ಹೀಗೇ ಬರೆಯಬಹುದು. ಒಗಟಿನ ಚಿತ್ರಕ್ಕೆ ಎರಡು ಅಂಕ ಇಡಿ. ಊರಿನಲ್ಲಿ ಅಜ್ಜಿಯರಿದ್ದರೆ ಅವರಿಂದ ಹೊಸ ಒಗಟು ಕೇಳಿಕೊಂಡು ಬನ್ನಿ.

ವಾರದ ಮಧ್ಯೆ ಎಲ್ಲರೂ ಒಟ್ಟಿಗೆ ಸೇರಲು ಆಗುವುದಿಲ್ಲ. ಆಗ ವಾಟ್ಸ್ಆ್ಯಪ್ ಗುಂಪಿನಲ್ಲಿ ಊರಿನ ಹೆಸರಿನ ಆಟ ಆಡಿ. ಕಾಗದದ ಮೇಲೆ ಎರಡು ಚಿತ್ರ ಬರೆದು ಫೋಟೋ ಕಳಿಸುವುದು, ಎರಡೂ ಸೇರಿದರೆ ಒಂದು ಊರು. ಔಷಧಿ ಬಾಟಲಿ, ಪಕ್ಕದಲ್ಲಿ ನಾಲ್ಕು ಮನೆ: ಮದ್ದೂರು. ಹುಣಸೆಕಾಯಿ ಮತ್ತು ಮನೆಗಳು: ಹುಣಸೂರು. ಕೊರಳಿನ ಸರ ಬರೆದರೆ ಸರಗೂರು. ಬನ್ನು ಬರೆದರೆ ಬನ್ನೂರು. ಮೇಲಕ್ಕೆ ಬಾಣ, ಅದರ ತುದಿಯಲ್ಲಿ ಕೋಟೆ: ಮೇಲುಕೋಟೆ. ಇಲಿ, ಅದರ ಬಾಲಕ್ಕೆ ಒಂದು ಗುರುತು: ಇಲವಾಲ. ಊರಿನ ಹೆಸರಿನ ನಿಜವಾದ ಹುಟ್ಟು ಬೇರೆಯೇ ಇರಬಹುದು, ಇದು ಬರೀ ಮಾತಿನ ಆಟ. ಕನ್ನಡದಲ್ಲಿ ಪದ ಪದಕ್ಕೆ ಇಷ್ಟು ಸುಲಭವಾಗಿ ಅಂಟಿಕೊಳ್ಳುತ್ತದೆ, ಅದನ್ನು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ. ಬೆಳಿಗ್ಗೆ ಒಬ್ಬರು ಹಾಕಿದರೆ ರಾತ್ರಿಯವರೆಗೆ ಉತ್ತರ ಬರುತ್ತಿರುತ್ತದೆ. ಗಡಿಯಾರದ ಲೆಕ್ಕ ಬೇಕಾಗಿಲ್ಲ.

ಮಗಳ ವಿಷಯ. ಆಡಲಿ, ಖಂಡಿತ ಆಡಲಿ. ಆದರೆ ನಿಮ್ಮ ಖಾಸಗಿ ಕೋಣೆಯಲ್ಲಿ ಮಾತ್ರ. ಯಾರು ಬೇಕಾದರೂ ಬರಬಹುದಾದ ಸಾರ್ವಜನಿಕ ಕೋಣೆಗೆ ಬಿಡಬೇಡಿ. ಶುರುವಿನ ದಿನಗಳಲ್ಲಿ ನಾನು ಒಂದು ತಾಣದ ಅಂಥ ಕೋಣೆಯಲ್ಲಿ ಮಕ್ಕಳನ್ನು ಆಡಿಸಲು ಹೋದೆ. ಅರ್ಧ ಆಟದಲ್ಲಿ ಅಪರಿಚಿತರೊಬ್ಬರು ಮಕ್ಕಳು ನೋಡಬಾರದ ಚಿತ್ರ ಬರೆದರು. ತಕ್ಷಣ ಮುಚ್ಚಿಸಿದೆ. ಆಮೇಲೆ ಒಬ್ಬೊಬ್ಬರ ಮನೆಗೂ ಫೋನ್ ಮಾಡಿ ಹೇಳಿದೆ. ಅವತ್ತಿನಿಂದ ಖಾಸಗಿ ಕೋಣೆ ಬಿಟ್ಟು ಬೇರೆ ಕಡೆ ಕಾಲಿಟ್ಟಿಲ್ಲ. ಕೋಣೆಯ ಲಿಂಕ್ ಅನ್ನು ಆ ಆರು ಜನಕ್ಕೆ ಮಾತ್ರ ಕಳಿಸಿ. ನೆಂಟರ ದೊಡ್ಡ ಗುಂಪಿನಲ್ಲಿ ಹಾಕಿದರೆ ಅದು ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಮಗಳ ಪೂರ್ತಿ ಹೆಸರು, ಶಾಲೆಯ ಹೆಸರು ಹಾಕುವುದು ಬೇಡ, ಒಂದು ಅಡ್ಡಹೆಸರು ಸಾಕು. ಫೋನ್ ನಿಮ್ಮದೇ ಇರಲಿ, ಪಕ್ಕದಲ್ಲಿ ನೀವಿರಿ. ಅವಳನ್ನು ಯಾರಾದರೂ ಒಬ್ಬ ಚಿಕ್ಕಮ್ಮನ ಜೊತೆ ಜೋಡಿ ಮಾಡಿ. ಅವಳು ಬರೆಯಲಿ, ನ್ಯೂಜೆರ್ಸಿಯ ಚಿಕ್ಕಮ್ಮ ಊಹಿಸಲಿ. ಆಲೆಮನೆಯನ್ನೇ ನೋಡಿರದ ಮಗು ಅದನ್ನು ಬರೆಯಬೇಕಾದರೆ ನಿಮ್ಮನ್ನು ಕೇಳಬೇಕು, ನೀವು ಹೇಳಬೇಕು. ಇನ್ನೂ ಒಳ್ಳೆಯದು, ಕಬ್ಬು ಅರೆಯುವ ಕಾಲದಲ್ಲಿ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ.

ಸಲಕರಣೆ ಬಗ್ಗೆ ಎರಡೇ ಮಾತು. ಫೋನಿನಲ್ಲಿ ಬೆರಳಿನಿಂದ ಬರೆಯುವಾಗ ಬೆರಳೇ ಗೆರೆಯನ್ನು ಮುಚ್ಚುತ್ತದೆ, ಆದ್ದರಿಂದ ದೊಡ್ಡದಾಗಿ ಬರೆಯಿರಿ, ತೆರೆಯ ತುಂಬ. ಲ್ಯಾಪ್‌ಟಾಪ್ ಇದ್ದರೆ ಆಟ ಅದರಲ್ಲಿ, ಕಾಲ್ ಫೋನಿನಲ್ಲಿ ಇಟ್ಟುಕೊಂಡರೆ ಆರಾಮ.

ಮುಂದಿನ ಭಾನುವಾರಕ್ಕೆ ಪಟ್ಟಿ ಕೂಡಿಸುವ ಕೆಲಸವನ್ನು ಆ ಕ್ಯಾಮೆರಾ ಆಫ್ ಮಾಡುವ ಗೆಳತಿಗೇ ಕೊಡಿ. ಎಲ್ಲರ ಹತ್ತು ಹತ್ತು ಪದ ಅವಳ ಹತ್ತಿರ ಹೋಗಲಿ. ಕೋಣೆಯನ್ನು ಅವಳೇ ತೆರೆಯಲಿ, ಅಂಕವನ್ನು ಅವಳೇ ಬರೆಯಲಿ. ಎಲ್ಲ ಪದ ಗೊತ್ತಿರುವುದರಿಂದ ಅವಳು ಆ ವಾರ ಊಹಿಸುವ ಹಾಗಿಲ್ಲ. ಅವಳ ಸರದಿ ಬಂದಾಗ ಯಾರಾದರೂ ಅವಳ ಬದಲು ಕಾಗದದ ಮೇಲೆ ಬರೆದು ಕ್ಯಾಮೆರಾದಲ್ಲಿ ತೋರಿಸಲಿ, ಏನು ಬರೆಯಬೇಕು ಅಂತ ಅವಳು ಕಿವಿಯಲ್ಲಿ ಹೇಳುವ ಹಾಗೆ ಮೆಸೇಜ್‌ನಲ್ಲಿ ಹೇಳಲಿ. ‘ಕೊಡಲಿ ಬರಿ ಸಾಕು’ ಅಂತ ಅವಳ ಮೆಸೇಜ್ ಬಂದ ವಾರ, ಮುಂದಿನ ಸರದಿಯನ್ನು ಅವಳ ಕೈಗೇ ಕೊಟ್ಟುಬಿಡಿ.